ಕಳೆಯಲು ಬಾರದ ಕಾಗದ

ಕೊನೆಯ ಕಂತು ಕಟ್ಟಿದ ತಿಂಗಳೇ ನಾನು ಗಾಡಿ ಮಾರಲು ಹೊರಟೆ. ಐದು ವರ್ಷ ಅದನ್ನು ಓಡಿಸಿ ನನ್ನ ಬೆನ್ನು ಕೈಕೊಟ್ಟಿತ್ತು. ಇನ್ನು ಸ್ಟೇರಿಂಗ್ ಮುಟ್ಟಿದರೆ ನನ್ನ ಹತ್ತಿರ ಬರಲೇಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಗಾಡಿ ಎಂದರೆ ನಮ್ಮ ಕಡೆ ಛೋಟಾ ಹಾಥಿ ಎನ್ನುತ್ತಾರಲ್ಲ, ಆ ಪುಟ್ಟ ಸಾಮಾನಿನ ಗಾಡಿ. ಸಾಲ ಇರುವವರೆಗೆ ಅದು ಫೈನಾನ್ಸಿನವರದು, ಸಾಲ ತೀರಿದ ಮೇಲೆ ಗಿರಾಕಿಯದು. ನಡುವೆ ನನ್ನದು ಅಂತ ಇದ್ದದ್ದು ಯಾವಾಗ ಎಂದು ಈಗಲೂ ನನಗೆ ತಿಳಿದಿಲ್ಲ.

ಗಿರಾಕಿ ಘಾಟಬೋರಾಳದ ಒಬ್ಬ ಹೆಣ್ಣುಮಗಳು. ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಲೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಬಸವಕಲ್ಯಾಣದ ನಮ್ಮ ಮನೆಗೆ ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಟಾಯರಿಗೊಂದು ಒದೆ ಕೊಟ್ಟು, ಕಟ್ಟೆಯ ಮೇಲೆ ಕುಳಿತು ಹೇಳಿದಳು:

"ಅಣ್ಣಾರ, ಊರಾನ ಕಾಯಿಪಲ್ಲೆ ಹುಮನಾಬಾದ ಬಜಾರಕ್ಕ ಒಯ್ಯೋ ಕೆಲಸ ನನಗ ಕೊಡ್ತೀವಿ ಅಂದಾರ್ರಿ. ಅಮಾಸಿ ಮಟ ಕಾಯ್ತಾರ. ಅಷ್ಟರಾಗ ಗಾಡಿ ಬರಲಿಲ್ಲಂದ್ರ ನಮ್ಮ ಮೈದುನನ ಗಾಡಿಗೆ ಹೇಳ್ತಾರ. ನಾ ಮತ್ತ ಕಳೆ ತೆಗಿಯೋ ಖುರ್ಪಿ ಹಿಡಕೊಂಡು ಮಂದಿ ಹೊಲಕ್ಕ ಹೋಗಬೇಕು."

ಒಂದೇ ಒಂದು ಷರತ್ತು. ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ಇರಬಾರದು. ಹಿಂದೊಮ್ಮೆ ಅವಳ ಗಂಡ ಕೊಂಡ ಹಳೇ ಆಟೋವನ್ನು, ಮೊದಲಿನ ಮಾಲೀಕ ಸಾಲ ಕಟ್ಟಿಲ್ಲ ಎಂದು ಯಾರೋ ಬಂದು ಮನೆ ಮುಂದಿನಿಂದಲೇ ಎಳೆದುಕೊಂಡು ಹೋಗಿದ್ದರಂತೆ. ಅಮಾವಾಸ್ಯೆಗೆ ಇನ್ನೂ ಇಪ್ಪತ್ತು ದಿನ ಇತ್ತು. ನಾನು ಧಾರಾಳವಾಗಿ ಮಾತು ಕೊಟ್ಟೆ.

ಹುಮನಾಬಾದಿಗೆ ಹೋಗಿ, ಈ ಗಾಡಿಯ ಮೇಲೆ ನಮ್ಮ ತಕರಾರು ಏನೂ ಇಲ್ಲ ಎಂದು ಫೈನಾನ್ಸಿನವರು ಬರೆದುಕೊಡುವ ಎನ್‌ಒಸಿ ತಂದೆ. ಅದನ್ನು ಆರ್‌ಟಿಒಗೆ ಕೊಟ್ಟರೆ ಆರ್‌ಸಿಯಿಂದ ಅವರ ಹೆಸರು ಹೋಗುತ್ತದೆ. ಮರುದಿನ ಬೆಳಿಗ್ಗೆ ಹೋಗೋಣ ಎಂದು ಕಾಗದವನ್ನು ಅವ್ವನ ಕೈಗೆ ಕೊಟ್ಟೆ. ತಪ್ಪಾದದ್ದು ಅಲ್ಲಿಯೇ.

ನಮ್ಮ ಮನೆಯಲ್ಲಿ ಒಳ್ಳೆಯ ಕಾಗದ ಯಾವುದೇ ಬರಲಿ, ಅದು ಮೊದಲು ದೇವರ ಜಗಲಿಯ ಮೇಲೆ ಕೂಡಬೇಕು. ಲಗ್ನಪತ್ರಿಕೆಯಿಂದ ಹಿಡಿದು ನನ್ನ ಹತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡಿನ ತನಕ ಯಾವುದೂ ಇದರಿಂದ ತಪ್ಪಿಸಿಕೊಂಡಿಲ್ಲ. ಅವ್ವ ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದಳು. ಐದು ವರ್ಷದ ಸಂಕಟ ಮುಗಿದ ಖುಷಿಗೆ ನಡುವೆಯೂ ಒಂದು ದೊಡ್ಡ ಬೊಟ್ಟು ಇಟ್ಟಳು. ಮೇಲೆ ತೆಂಗಿನಕಾಯಿ ಒಡೆದಳು. ಕಾಯಿಯ ನೀರು ಸಿಡಿದು ಬೊಟ್ಟು ಹರಡಿತು. ಚಾಸಿ ನಂಬರು ಇದ್ದ ಸಾಲು ಪೂರ್ತಿ ಕೆಂಪಾಯಿತು. ಅದನ್ನು ಉಳಿಸಲೆಂದು ಅವಳು ಒದ್ದೆ ಬಟ್ಟೆಯಿಂದ ಒರೆಸಿದಳು. ಎಂಜಿನ್ ನಂಬರೂ ಹೋಯಿತು.

ಆರ್‌ಟಿಒದವರು ಕಾಗದವನ್ನು ಮುಟ್ಟಲೇ ಇಲ್ಲ. ದೂರದಿಂದಲೇ ನೋಡಿ ಕೈಮುಗಿದು ಹೊಸದು ತನ್ನಿ ಎಂದರು. ಮತ್ತೆ ಹುಮನಾಬಾದು. ಫೈನಾನ್ಸಿನ ಮೇಡಂ ಬಹಳ ಸೌಮ್ಯ ಸ್ವಭಾವದವರು.

"ಡುಪ್ಲಿಕೇಟ್ ಕೊಡ್ತೀವ್ರಿ. ಕಳದದ ಅಂತ ಪೊಲೀಸರ ಚೀಟಿ ತರ್ರಿ."

"ಕಳದಿಲ್ಲಲ್ರಿ ಮೇಡಂ, ಇಲ್ಲೇ ಅದಲ್ರಿ."

"ನಮ್ಮ ಕಂಪ್ಯೂಟರನ್ಯಾಗ ಕಳದದ ಅಂತ ಒಂದೇ ಅದರಿ. ಪೂಜಾ ಆಗ್ಯಾದ ಅಂತ ಇಲ್ಲ."

ಬುದ್ಧಿ ಇದ್ದವನಾಗಿದ್ದರೆ ಕಾಗದ ಮನೆಯಲ್ಲಿಟ್ಟು ಠಾಣೆಗೆ ಹೋಗುತ್ತಿದ್ದ. ಯಾವ ಕಚೇರಿಗೆ ಹೋದರೂ ಇದ್ದಬದ್ದ ಕಾಗದವನ್ನೆಲ್ಲ ಮೇಜಿನ ಮೇಲೆ ಹರಡುವುದು ನನ್ನ ಚಾಳಿ. ಕಳೆದುಹೋದ ಕಾಗದದ ಬಗ್ಗೆ ಅರ್ಜಿ ಕೊಟ್ಟು, ಕಳೆದುಹೋದ ಕಾಗದವನ್ನೂ ಅದರ ಜೊತೆ ಲಗತ್ತಿಸಿದೆ. ಹವಾಲ್ದಾರರು ಅರ್ಜಿ ಓದಿದರು, ಕಾಗದ ನೋಡಿದರು, ನನ್ನ ಮುಖ ನೋಡಿದರು.

"ಈಗ ನಾ ನೋಡಿಬಿಟ್ಟೀನಲ್ರಿ. ನೋಡಿದ ಮ್ಯಾಲ ಕಳದದ ಅಂತ ಹ್ಯಾಂಗ ಬರೀಲಿ? ಹೋಗ್ರಿ, ಖರೇನೇ ಕಳಕೊಂಡು ಬರ್ರಿ."

ಒಂದು ಕಾಗದ ಕಳೆಯುವುದು ಏನು ಮಹಾ ಎಂದುಕೊಂಡೆ. ಜೀವನದಲ್ಲಿ ಛತ್ರಿ, ಚಪ್ಪಲಿ, ಒಮ್ಮೆ ಟಿಫಿನ್ ಸಮೇತ ಕನ್ನಡಕ ಎಲ್ಲವನ್ನೂ ಯಾವ ಶ್ರಮವೂ ಇಲ್ಲದೆ ಕಳೆದವನು ನಾನು. ಹುಮನಾಬಾದಿನ ಬಸ್ಸಿನಲ್ಲಿ ಅದನ್ನು ಸೀಟಿನ ಮೇಲೆ ಬಿಟ್ಟು ಇಳಿದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಕಂಡಕ್ಟರು ಓಡಿ ಬಂದರು. ಬೊಗಸೆಯಲ್ಲಿ ಪ್ರಸಾದ ಹಿಡಿದ ಹಾಗೆ ಕಾಗದ ಹಿಡಿದಿದ್ದರು. "ದೇವರ ಕಾಗದ ಬಿಟ್ಟಿದ್ರಿ" ಎಂದು ಕಣ್ಣಿಗೊತ್ತಿಕೊಂಡು ಕೊಟ್ಟರು.

ಮರುದಿನ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದ ಅಂಗಡಿಯಲ್ಲಿ ಕಪ್-ಬಸಿಯ ಕೆಳಗೆ ಇಟ್ಟು ಬಂದೆ. ಸಂಜೆ ಫೋನು. ಕಾಗದದಲ್ಲಿ ನನ್ನ ನಂಬರು ಮಾತ್ರ ಸ್ವಚ್ಛವಾಗಿ ಉಳಿದಿತ್ತು. ಅಂಗಡಿಯ ಸಾಹೇಬರು ಅದನ್ನು ತಮ್ಮ ನಮಾಜಿನ ಟೋಪಿ ಇಡುವ ಗೂಡಿನಲ್ಲಿ ಜೋಪಾನ ಮಾಡಿದ್ದರು. "ಪೂಜಾದ ಚೀಜ್ ಅದರಿ, ಎಂಜಲಾ ಆಗಬಾರದು" ಎಂದು ಹೊಸ ಪೇಪರಿನಲ್ಲಿ ಸುತ್ತಿ ಕೊಟ್ಟರು. ಚಹಾದ ದುಡ್ಡೂ ತೆಗೆದುಕೊಳ್ಳಲಿಲ್ಲ.

ಹೀಗೆ ಹತ್ತು ದಿನ ಹೋಯಿತು. ಕುಂಕುಮ ಹಚ್ಚಿದ ಕಾಗದವನ್ನು ನಮ್ಮ ಸೀಮೆಯಲ್ಲಿ ಯಾರೂ ತುಳಿಯುವುದಿಲ್ಲ, ಹರಿಯುವುದಿಲ್ಲ, ಕಸಕ್ಕೆ ಹಾಕುವುದಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಕೋಟೆಯ ಹತ್ತಿರ ಗಾಳಿಗೆ ತೂರಿ ತಿರುಗಿ ನೋಡದೆ ಬಂದೆ. ರಸ್ತೆ ಗುಡಿಸುವ ಹೆಂಗಸು ಕಾಗದ ಹಿಡಿದುಕೊಂಡು ಹಿಂದೆಯೇ ಬಂದು ನಮ್ಮ ಬಾಗಿಲಲ್ಲಿ ನಿಂತು ಉಗಿದಳು. "ಕುಂಕುಮ ಹಚ್ಚಿದ್ದು ಹೀಂಗ ಒಗೀತಾರೇನು? ಮನ್ಯಾಗ ಹಿರೇರು ಇಲ್ಲೇನು ನಿಮಗ?"

ಹಿರಿಯರು ಒಳಗಿನಿಂದ ಬಂದರು. ಅಲ್ಲಿಯವರೆಗೆ ಅವ್ವನಿಗೆ ನಾನು ಏನೂ ಹೇಳಿರಲಿಲ್ಲ. ಈಗ ಎಲ್ಲ ಕೇಳಿ ಅವಳು ಹೊಸ್ತಿಲ ಮೇಲೆಯೇ ಕುಳಿತಳು.

"ನನ್ನಿಂದ ಆ ಹೆಣ್ಣಮಗಳ ಕೆಲಸ ಹೋತದೇನು ತಮ್ಮಾ?"

ಅಮಾವಾಸ್ಯೆಗೆ ಒಂಬತ್ತೇ ದಿನ ಉಳಿದಿತ್ತು. ಆ ಹೆಣ್ಣುಮಗಳು ದಿನಾ ಫೋನು ಮಾಡುತ್ತಿದ್ದಳು, ನಾನು ದಿನಾ ಆಗಾಕತ್ತದ ಎನ್ನುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತ್ತು.

ಅವ್ವ ಎದ್ದು ಸೆರಗು ಸಿಕ್ಕಿಸಿಕೊಂಡಳು. "ಪೂಜಾ ಆಗಿದ್ದು ಒಗೀಲಿಕ್ಕ ಬರಲ್ಲ. ನೀರಿಗೆ ಬಿಡಬೇಕು. ಅಷ್ಟೂ ತಿಳೀವಲ್ದೇನು ನಿನಗ?"

ಕೆರೆಗೆ ಹೋದೆವು. ಅವ್ವ ಕೈಮುಗಿದು ಬಿಟ್ಟಳು. ಕಾಗದ ಆರಾಮವಾಗಿ ತೇಲಿ ನಮ್ಮ ಕಾಲ ಬುಡಕ್ಕೇ ವಾಪಸ್ಸು ಬಂತು. ಮತ್ತೆ ಬಿಟ್ಟಳು, ಮತ್ತೆ ಬಂತು. ಮೂರನೆಯ ಸಲ ಅವಳು ಅದರಲ್ಲಿ ಒಂದು ಕಲ್ಲು ಸುತ್ತಿ, ಹೂವಿನ ದಾರ ಬಿಗಿದು, ದೇವರು ಗೀವರು ನೋಡದೆ ಬೀಸಿ ಒಗೆದಳು. ಬುಳುಕ್ ಎಂದು ಮುಳುಗಿತು. ಇಬ್ಬರೂ ಸ್ವಲ್ಪ ಹೊತ್ತು ನಿಂತು ಕಾದು ನೋಡಿದೆವು.

"ಎಲ್ಲಿ ಕಳದದ?" ಹವಾಲ್ದಾರರು ಕೇಳಿದರು.

"ಕೆರ್ಯಾಗ್ರಿ."

"ಸಾಕ್ಷಿ?"

"ನಾನೇ ಅದೀನ್ರಿ" ಎಂದಳು ಅವ್ವ. ಅವರು ತುಟಿ ಕಚ್ಚಿಕೊಂಡು ಚೀಟಿ ಬರೆದರು. ಹೊಸ ಎನ್‌ಒಸಿ ಬಂತು. ಈ ಸಲ ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೂ ಬಾರದೆ ಸೀದಾ ಆರ್‌ಟಿಒಗೆ ಒಯ್ದೆ.

ಡಾಕ್ಟರ ಮಾತು ಮೀರಿ ಕೊನೆಯ ಸಲ ನಾನೇ ಗಾಡಿ ಓಡಿಸಿಕೊಂಡು ಹೋಗಿ, ಅಮಾವಾಸ್ಯೆಯ ದಿನವೇ ಹುಮನಾಬಾದಿನಲ್ಲಿ ಆ ಹೆಣ್ಣುಮಗಳ ಕೈಗೆ ಕೀಲಿ ಕೊಟ್ಟೆ. ಫೈನಾನ್ಸಿನವರ ಹೆಸರು ಹೋದ ಆರ್‌ಸಿಯನ್ನು ಅವಳು ಹಿಂದೆ ಮುಂದೆ ತಿರುಗಿಸಿ ಮೂರು ಸಲ ನೋಡಿದಳು. ಬಸವಕಲ್ಯಾಣದ ಹಾದಿಯಲ್ಲಿ ಬಿಡ್ತೀನಿ ಕೂಡ್ರಿ ಎಂದಳು. ಐದು ವರ್ಷದಲ್ಲಿ ನಾನು ಆ ಗಾಡಿಯ ಎಡಗಡೆ ಕುಳಿತದ್ದು ಅದೇ ಮೊದಲು. ಕಾಲು ತಾನೇ ಬ್ರೇಕು ಹುಡುಕುತ್ತಿತ್ತು. ಅವಳು ಗೇರು ಬದಲಿಸಿದಾಗಲೆಲ್ಲ ನನ್ನ ಕೈ ಎದ್ದು ಬೀಳುತ್ತಿತ್ತು. ಒಂದೆರಡು ಸಲಹೆ ಕೊಡಲು ಬಾಯಿ ತೆರೆದೆ, ಅವಳು ಹಾರ್ನ್ ಹೊಡೆದಳು.

ಅಷ್ಟರಲ್ಲಿ ಅವಳಿಗೆ ಫೋನು ಬಂತು. ಊರಿನವರು. ಬುಟ್ಟಿ ತುಂಬಿ ಇಟ್ಟಿದ್ದಾರೆ, ಮೈದುನನೂ ಗಾಡಿ ತಂದು ನಿಲ್ಲಿಸಿದ್ದಾನೆ, ಯಾರು ಮೊದಲು ಬರುತ್ತಾರೋ ಅವರಿಗೆ ಎನ್ನುತ್ತಿದ್ದರು. ಘಾಟಬೋರಾಳದ ತಿರುವು ಬಂದಿತ್ತು. ಅವಳು ಗಕ್ಕನೆ ಗಾಡಿ ನಿಲ್ಲಿಸಿದಳು.

"ಅಣ್ಣಾರ, ಟೈಮ್ ಆಗ್ಯಾದ್ರಿ. ಇಲ್ಲೇ ಇಳೀರಿ."

ನನ್ನ ಸ್ವಂತ ಗಾಡಿಯಿಂದ ನನ್ನನ್ನು ನಡುದಾರಿಯಲ್ಲಿ ಇಳಿಸಿದ್ದಳು. ಸಿಟ್ಟು ಬರಬೇಕಿತ್ತು. ಬಂದದ್ದು ಅಳು, ಅದೂ ಸಂತೋಷದ ಅಳು. ಗಾಡಿಯ ಹಿಂದಿನ ತಗಡನ್ನು ಎರಡು ಸಲ ಬಡಿದು ಕೂಗಿದೆ: "ನಡೀರಿ ತಂಗೀ, ಹೊಡೀರಿ!" ಅವಳು ತಿರುಗಿಯೂ ನೋಡಲಿಲ್ಲ.