ಪ್ಲೇಟಿಗೆ ಕುಂಕುಮ ಇಟ್ಟ ದಿನ

ಅವ್ವ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವ್ವನ ದನಿ ಮಾತ್ರ ಎದುರಿನ ಹೋಟೆಲಿನೊಳಗಿಂದ ಬಂತು. ಮಳವಳ್ಳಿ ಸಂತೆಯ ಗದ್ದಲದ ನಡುವೆ ನಾನು ಒಮ್ಮೆ ಅವಳ ಬಾಯಿ ನೋಡಿದೆ, ಒಮ್ಮೆ ಹೋಟೆಲಿನ ಬಾಗಿಲು ನೋಡಿದೆ. ಬಾಯಿ ಮುಚ್ಚಿತ್ತು. ಹಾಡು ನಡೆಯುತ್ತಲೇ ಇತ್ತು. ನನಗೆ ಆಗ ಎಂಟೋ ಒಂಬತ್ತೋ ವರ್ಷ. ಕಿರುಚಿಕೊಂಡು ಅವಳ ಸೆರಗಿನೊಳಗೆ ಮುಖ ಹುದುಗಿಸಿದೆ. ಅವ್ವ ಬೆಂಗಳೂರಿಗೆ ಹೋಗಿ ಗ್ರಾಮಾಫೋನ್ ಪ್ಲೇಟಿಗೆ ಹಾಡಿ ಬಂದದ್ದು ನನಗೆ ಗೊತ್ತಿತ್ತು. ಗೊತ್ತಿದ್ದರೇನಂತೆ, ಕಿವಿಗೆ ಬಿದ್ದಾಗ ಸೆರಗು ಬಿಡಲಿಲ್ಲ.

ಜೊತೆಗಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ಬುಟ್ಟಿಯನ್ನು ದಾರಿಯ ಮಧ್ಯೆಯೇ ಇಳಿಸಿಬಿಟ್ಟಳು. "ಅಯ್ಯೋ ಸಿವನೆ, ನಮ್ಮನೆ ಸೊಸೆ ಪೆಟ್ಗೆ ಒಳಗವ್ಳಲ್ಲಪ್ಪ!" ಎಂದು ಕೆನ್ನೆ ಬಡಿದುಕೊಂಡಳು. ಮರುಗಳಿಗೆಯಲ್ಲೇ ಉಪ್ಪು ಮಾರುವವನ ಹತ್ತಿರ ಹೋಗಿ, "ಕೇಳುದ್ಯಾ? ನನ್ ಸೊಸೆ ಕಣ್ಲಾ ಅದು" ಎಂದು ಬೀಗಿದಳು. ಅಜ್ಜಿ ಹಾಗೆಯೇ. ಗಾಬರಿಗೂ ಜಂಬಕ್ಕೂ ಅವಳಲ್ಲಿ ಹೆಚ್ಚು ದೂರವಿರಲಿಲ್ಲ.

ನಮ್ಮೂರು ಕೊತ್ತತ್ತಿಯ ಕಡೆ. ನಾಲೆ ನೀರು ಬಂದು ರಾಗಿ ಹೊಲಗಳೆಲ್ಲ ಗದ್ದೆಯಾದ ಕಾಲ ಅದು. ಅವ್ವನಿಗೆ ಓದು ಬರಹ ಇಲ್ಲ. ನಾಟಿ ಹಾಕುತ್ತ ಹಾಕುತ್ತ ಪದ ಕಟ್ಟುತ್ತಿದ್ದಳು. ಮದುವೆಮನೆಯ ಸೋಬಾನೆಯಲ್ಲಿ ಒಬ್ಬಳು ಸಾಲು ಎತ್ತಿಕೊಡಬೇಕು, ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಮಿಕ್ಕವರು ತಮ್ಮ ತಾಯಂದಿರು ಕಲಿಸಿದ್ದನ್ನು ಹಾಡುತ್ತಿದ್ದರು. ಅವ್ವ ತನ್ನದನ್ನೇ ಹಾಡುತ್ತಿದ್ದಳು. ಅವಳ ಪದದಲ್ಲಿ ಹೊಸ ನಾಲೆ ಬರುತ್ತಿತ್ತು, ಮಂಡ್ಯದ ಕಾರ್ಖಾನೆಯ ಹೊಗೆ ಬರುತ್ತಿತ್ತು, ಮದುಮಗನ ಸೋಮಾರಿ ಚಿಕ್ಕಪ್ಪನೂ ಬಂದು ಮರ್ಯಾದೆ ಕಳೆದುಕೊಳ್ಳುತ್ತಿದ್ದ. ಮದ್ದೂರಿನ ಆಚೆಯಿಂದಲೂ ಗಾಡಿ ಕಟ್ಟಿಕೊಂಡು ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಲಗ್ನ ಗೊತ್ತುಮಾಡುವ ಮುಂಚೆ ಅವ್ವ ಯಾವತ್ತು ಸಿಗುತ್ತಾಳೆ ಎಂದು ವಿಚಾರಿಸುವವರೂ ಇದ್ದರು.

ಹೊಸ ಪದವನ್ನು ಮೊದಲು ಕೇಳುತ್ತಿದ್ದವನು ಅಪ್ಪ. ಗದ್ದೆಯ ಬದುವಿನ ಮೇಲೆ ಊಟ ಮಾಡುತ್ತ ಕೇಳುತ್ತಿದ್ದ. ಒಪ್ಪಿಗೆಯಾದರೆ ತಲೆಯಾಡಿಸುತ್ತಿದ್ದ. ಆಗದಿದ್ದರೆ, "ಇದ್ ಬುಡು, ಇನ್ನೊಂದ್ ಕಟ್ಟು" ಎನ್ನುತ್ತಿದ್ದ. ಅವ್ವ ಮುನಿಸಿಕೊಂಡು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು. ಮಾರನೆಯ ದಿನ ಇನ್ನೊಂದು ಕಟ್ಟಿಕೊಂಡು ಬರುತ್ತಿದ್ದಳು.

ಬೆಂಗಳೂರಿಗೆ ಅವಳನ್ನು ಕರೆದೊಯ್ದವನು ಅವಳ ತಮ್ಮ, ನನ್ನ ಸೋದರಮಾವ. ಮಂಡ್ಯದಲ್ಲಿ ಕೆಲಸದಲ್ಲಿದ್ದ, ನಾಲ್ಕು ಜನರ ಪರಿಚಯವಿತ್ತು. ಹೋಗಿ ಬಂದ ಅವ್ವ ಬೆರಗಾದ ಕಣ್ಣು ಬಿಟ್ಟುಕೊಂಡೇ ಕಥೆ ಹೇಳಿದಳು. "ಬಾಗ್ಲು ಕಿಟಕಿ ಎಲ್ಲಾ ಮುಚ್ಬುಟ್ರು ಕಣೆ. ಒಂದ್ ಡಬ್ಬಿ ಮುಂದ್ ನಿಲ್ಸಿ ಆಡು ಅಂದ್ರು. ನಾನ್ ಒಂದ್ ಸಾಲ್ ಎತ್ತಿ ಸುಮ್ಕೆ ನಿಂತ್ಕಂಡೆ. ತಿರ್ಗಿ ಯೋಳಕ್ಕೆ ಯಾರವ್ರೆ? ಸತ್ತೋರ್ ಮನೇಲಿ ಸೋಬಾನೆ ಆಡ್ದಂಗಾಯ್ತು." ಪ್ಲೇಟು ಕಂಪನಿಯವರು ಕೈ ಕೈ ಹಿಸುಕಿಕೊಂಡರಂತೆ. ಹಾಡು ಕೊರೆದುಕೊಳ್ಳುವ ಮೇಣದ ತಟ್ಟೆ ಹಾಳಾಯಿತಂತೆ. ಕೊನೆಗೆ ತಿರುಗಿ ಹೇಳುವುದನ್ನೂ ಅವಳೇ ಹೇಳಿ ಮುಗಿಸಿದಳು. ಆ ಪದವೇ ಊರೂರಿನ ಹೋಟೆಲುಗಳಿಗೆ ಹೋಯಿತು:

"ನಾಲೇಯ ನೀರು ಬಂದು ಗದ್ದೇಯ ತುಂಬೀತು
ಬಾಳು ತುಂಬಿರಲಿ ನನ ಮಗಳೆ."

ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು; ಮಂಡ್ಯದಲ್ಲಿ ಅವಕ್ಕೆ ಇದ್ದಿಲು ತುಂಬುವ ಹುಡುಗರೂ ಅದನ್ನು ಗುನುಗುತ್ತಿದ್ದರು. ಅವ್ವ ನಾಚಿಕೊಂಡು ಆ ಕಡೆ ಹೋಗುವುದನ್ನೇ ಬಿಟ್ಟಿದ್ದಳು.

ಯುದ್ಧ ಇನ್ನೂ ಮುಗಿದಿರಲಿಲ್ಲ, ಅಪ್ಪ ಹೋದ. ನಾಲೆಯ ಜೊತೆಗೇ ನಮ್ಮ ಕಡೆಗೆ ಚಳಿಜ್ವರವೂ ಬಂದಿತ್ತು. ಜನ ಮಲಗಿದರು, ಎದ್ದರು, ಮತ್ತೆ ಗದ್ದೆಗೆ ಹೋದರು, ಎಲ್ಲರ ಮನೆಯಲ್ಲೂ ಅದೇ ಪಾಡು. ಅಪ್ಪ ಮಾತ್ರ ಏಳಲಿಲ್ಲ. ಕ್ವಿನೈನ್ ಮಾತ್ರೆಯೆಲ್ಲ ಯುದ್ಧಕ್ಕೆ ಹೋಗಿತ್ತು; ತರಲು ಮಂಡ್ಯಕ್ಕೆ ಹೋದವರು ಬರಿಗೈಯಲ್ಲಿ ಬಂದರು. ಒಂದು ಸಂತೆಯ ದಿನ ಎತ್ತಿಗೆ ಹಗ್ಗ ತಂದಿದ್ದವನು ಮುಂದಿನ ಸಂತೆಗೆ ಇರಲಿಲ್ಲ. ಅವ್ವನ ಬಳೆ ಒಡೆದರು, ಹಣೆಯ ಕುಂಕುಮ ಅಳಿಸಿದರು. ಅವಳು ಅಳಲೂ ಇಲ್ಲ. ಕಲ್ಲಿನಂತೆ ಕೂತಿದ್ದಳು.

ಅಲ್ಲಿಗೆ ಅವಳ ಹಾಡೂ ನಿಂತಿತು. ಸೋಬಾನೆ ಹೇಳುವವಳು ಮುತ್ತೈದೆಯೇ ಆಗಿರಬೇಕು. ಗಂಡ ಸತ್ತವಳು ಹಸೆಯ ಹತ್ತಿರ ಸುಳಿಯುವಂತಿಲ್ಲ. ನಿನ್ನೆಯವರೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ಎದುರಿಗೆ ಸಿಕ್ಕರೆ ಮಗ್ಗುಲಾಗಿ ಹೋಗತೊಡಗಿದರು. ಆದರೆ ಪ್ಲೇಟು? ಪ್ಲೇಟನ್ನು ಯಾರೂ ಬಿಡಲಿಲ್ಲ. ಅವಳು ಕಾಲಿಡಬಾರದ ಚಪ್ಪರಗಳಲ್ಲೆಲ್ಲ ಅವಳ ದನಿ ಮೊಳಗುತ್ತಿತ್ತು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆಗಂತೂ ಸಿಕ್ಕ ಸಿಕ್ಕವರ ಮೇಲೆ ಹರಿಹಾಯುತ್ತಿದ್ದೆ.

ಸ್ವಾತಂತ್ರ್ಯ ಬರುವ ವರ್ಷದ ಬೇಸಿಗೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡು ಕೊಕ್ಕರೆ ಬೆಳ್ಳೂರಿನವರು. ಮದುವೆ ನಮ್ಮ ಮನೆಯಲ್ಲೇ. ನಾನು ಅಜ್ಜಿಗೆ ಖಡಾಖಂಡಿತವಾಗಿ ಹೇಳಿದೆ: "ಅವ್ವ ಆಡ್ದೆ ಇದ್ರೆ ನಾನ್ ಅಸೆ ಮ್ಯಾಲ್ ಕುಂತ್ಕಳಕ್ಕಿಲ್ಲ."

ಅಜ್ಜಿ ನನ್ನನ್ನೇ ದಿಟ್ಟಿಸಿದಳು. "ನಿನ್ ತಾಳಿಗೆ ಕಲ್ಲಾಕ್ಕತೀಯಾ?" ಎಂದಳು. ಆಮೇಲೆ ಏನೋ ಹೊಳೆದವಳಂತೆ ಮಾವನಿಗೆ ಹೇಳಿ ಕಳಿಸಿದಳು, ಮಂಡ್ಯದಿಂದ ಗ್ರಾಮಾಫೋನ್ ಪೆಟ್ಟಿಗೆಯನ್ನೂ ಅವ್ವನ ಪ್ಲೇಟನ್ನೂ ತರಲಿ ಎಂದು. ಪ್ಲೇಟಿಗೆ ಹಾಡಿದಾಗ ಸೊಸೆಯ ಕೊರಳಲ್ಲಿ ತಾಳಿ ಇತ್ತಲ್ಲ, ಆದ್ದರಿಂದ ಆ ದನಿ ಮುತ್ತೈದೆಯದೇ ಎಂಬುದು ಅವಳ ವಾದ. ಊರ ಹಿರಿಯರೆಲ್ಲ ಹೌದು ಹೌದೆಂದರು. ಅವ್ವನನ್ನು ಕೇಳಿದರೆ, "ಅಂಗೇ ಆಗ್ಲಿ ಬುಡು" ಎಂದು ಒಲೆ ಊದತೊಡಗಿದಳು.

ಧಾರೆಯಾದ ಮೇಲೆ ನಮ್ಮಿಬ್ಬರನ್ನು ಹಸೆಯ ಮೇಲೆ ಕೂರಿಸಿದರು. ಅವ್ವ ಒಳಕೋಣೆಯಲ್ಲಿದ್ದಳು, ಬಾಗಿಲು ಮುಂದೆ ಮಾಡಿತ್ತು. ಮಾವ ಪೆಟ್ಟಿಗೆಗೆ ಕೀ ಕೊಟ್ಟು ಪ್ಲೇಟು ಹಾಕುವುದರಲ್ಲಿದ್ದ. ಅಷ್ಟರಲ್ಲಿ ಅಜ್ಜಿ, "ತಡಿಲಾ" ಎಂದು ಬಂದಳು. ಸೋಬಾನೆ ಶುರುವಾಗುವ ಮುಂಚೆ ಹಾಡುವವಳಿಗೆ ಅರಿಶಿನ ಕುಂಕುಮ ಕೊಡುವುದು ನಮ್ಮಲ್ಲಿ ಪದ್ಧತಿ. ಕೊಡದೆ ಹಾಡಿಸಿದರೆ ಅವಮಾನ. ಅಜ್ಜಿ ಬಟ್ಟಲಲ್ಲಿ ಬೆರಳು ಅದ್ದಿ, ಕಲಸಿದ ಅರಿಶಿನವನ್ನು ಆ ಕರಿಯ ಪ್ಲೇಟಿಗೆ ಸವರಿದಳು. ಮೇಲೆ ಕಾಸಗಲ ಕುಂಕುಮ ಇಟ್ಟಳು. ಭಕ್ತಿಯಿಂದ ಕೈ ಮುಗಿದಳು.

ಆ ದನಿಯ ಒಡತಿ ಗೋಡೆಯ ಆಚೆ ಬರಿ ಹಣೆಯಲ್ಲಿ ಕೂತಿದ್ದಾಳೆ, ಇಲ್ಲಿ ತಟ್ಟೆಗೆ ಕುಂಕುಮ ಇಡುತ್ತಿದ್ದಾರೆ! ಕೂಗಿ ಬಿಡಬೇಕೆನ್ನಿಸಿತು. ಬಾಸಿಂಗ ಕಟ್ಟಿಕೊಂಡವಳು ಕೂಗುವುದಾದರೂ ಹೇಗೆ?

"ಅಯ್ಯೋ ಅಜ್ಜಮ್ಮ, ಮುಳ್ಳು ಓಡಕ್ಕಿಲ್ಲ ಕಣಮ್ಮ!" ಎಂದು ಮಾವ ಪಂಚೆಯಲ್ಲಿ ಒರೆಸಿದ. ಒದ್ದೆ ಅರಿಶಿನ ಇನ್ನಷ್ಟು ಗೀರುಗಳೊಳಗೆ ಇಳಿಯಿತು. ಆದರೂ ಮುಳ್ಳು ಇಟ್ಟ. ಅವ್ವನ ದನಿ ಬಂತು, ಪ್ರಾಯದ ದನಿ, ಸೊಕ್ಕಿದ ದನಿ. ಹೆಂಗಸರ ಮುಖವೆಲ್ಲ ಅರಳಿತು. ನಾಲೆಯ ನೀರು ಬಂತು, ಗದ್ದೆ ತುಂಬಿತು. ಆಮೇಲೆ ಮುಳ್ಳು ಕುಂಕುಮಕ್ಕೆ ಸಿಕ್ಕಿಕೊಂಡಿತು. "ನನ ಮಗಳೆ… ನನ ಮಗಳೆ… ನನ ಮಗಳೆ…" ಮುಂದಕ್ಕೂ ಹೋಗದು, ನಿಲ್ಲುವುದೂ ಇಲ್ಲ. ಮಾವ ಬೆದರಿ ಮುಳ್ಳು ಎತ್ತಿಬಿಟ್ಟ.

ಆ ನಿಶ್ಶಬ್ದದಲ್ಲಿ, ಮುಂದೆ ಮಾಡಿದ ಬಾಗಿಲಿನ ಹಿಂದಿನಿಂದ, ಅವ್ವ ಮುಂದಿನ ಸಾಲು ಎತ್ತಿದಳು. ದನಿ ಒಡೆದಿತ್ತು, ತುಕ್ಕು ಹಿಡಿದಿತ್ತು. ಅವಳು ಎತ್ತಿದ್ದೇ ತಡ, ಹೆಂಗಸರು ವರ್ಷಗಟ್ಟಲೆಯ ರೂಢಿಯಿಂದ ತಿರುಗಿ ಹೇಳಿಬಿಟ್ಟರು. ಹೇಳಿದ ಮೇಲೆ ತಾವೇನು ಮಾಡಿದೆವೆಂದು ತಿಳಿದು ಬಾಯಿಗೆ ಸೆರಗು ಒತ್ತಿಕೊಂಡರು. ಅಜ್ಜಿಯ ಮುಖ ಬಿಳುಚಿಕೊಂಡಿತು. ಗಂಡಿನ ಕಡೆಯವರು ಎದ್ದು ಹೋದರೆ ಅವ್ವನನ್ನು ಊರು ಉಳಿಸುತ್ತದೆಯೇ?

ಆಗ ಮಾತಾಡಿದ್ದು ನನ್ನ ಅತ್ತೆ, ಗಂಡನ ತಾಯಿ. "ಯಾಕ್ ನಿಲ್ಸುದ್ರಿ? ಅರ್ಧ ಪದದಲ್ಲಿ ಉಡ್ಗೀನ ಅಸೆಯಿಂದ ಎಬ್ಬುಸ್ತೀರಾ? ಅದೂ ಒಳ್ಳೇದಲ್ಲ ಕಣಮ್ಮ. ಪದ ಮುಗೀಲಿ."

ಅಜ್ಜಿ ತಡವರಿಸಿದಳು. "ಒಳಗಿಂದ್ಲೇ ಆಡ್ಲಿ. ಮೊಕ ತೋರ್ಸದ್ ಬ್ಯಾಡ" ಎಂದಳು.

ಅವ್ವ ಹಾಡಿದಳು. ಪ್ಲೇಟಿನಲ್ಲಿದ್ದ ಸಾಲುಗಳನ್ನಲ್ಲ. ಅಲ್ಲೇ, ಆ ಗಳಿಗೆಯಲ್ಲೇ ಕಟ್ಟಿದಳು:

"ಬರಿ ಅಣೆಯೋಳು ನಿನ್ನ ಎತ್ತವ್ವ ಕಣೆ ಮಗಳೆ
ನಿನ್ನಣೆ ತುಂಬಿರಲಿ ನೂರ್ ವರುಸ."

ಬರಿ ಹಣೆ ಎಂಬುದು ಹಸೆಯ ಮುಂದೆ ಆಡಬಾರದ ಮಾತು. ಅದನ್ನು ಮುತ್ತೈದೆಯರೆಲ್ಲ ತಮ್ಮ ಬಾಯಿಂದ ತಿರುಗಿ ಹೇಳಬೇಕು. ಯಾರೂ ಹೇಳಲಿಲ್ಲ. ಅತ್ತೆ ಗಂಟಲು ಸರಿಮಾಡಿಕೊಂಡು, ರಾಗವೇ ಇಲ್ಲದ ಒರಟು ದನಿಯಲ್ಲಿ, ಒಬ್ಬಳೇ ಆ ಸಾಲು ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಅಜ್ಜಿ ಮಾತ್ರ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು.

ಹಸೆಯಿಂದ ಎದ್ದವಳೇ ಯಾರು ತಡೆದರೂ ಕೇಳದೆ ಒಳಕೋಣೆಗೆ ನುಗ್ಗಿದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ನಾನು ಗೆದ್ದ ಹುರುಪಿನಲ್ಲಿದ್ದೆ. "ಅವ್ವಾ, ಇನ್ಮ್ಯಾಕೆ ಆಡ್ತೀಯ ತಾನೆ? ಆ ದರಿದ್ರದ ಪ್ಲೇಟು ಒಡ್ದಾಕ್ಬುಡನ" ಎಂದೆ.

ಅವಳು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ಕಣವ್ವ. ಒರ್ಸಿ ಜೋಪಾನ್ವಾಗಿ ಮಡುಗಕ್ಕೇಳು" ಎಂದಳು. "ಅದ್ರಲ್ ಆಡೋಳ್ ಗಂಡ ಇನ್ನೂ ಬದುಕವ್ನೆ."

ಹೇಳಿದವಳೇ ನನ್ನ ಮದುವೆ ಸೀರೆಯೊಳಗೆ ಮುಖವಿಟ್ಟು ಗೋಳೋ ಎಂದು ಅತ್ತಳು. ಅಪ್ಪ ಸತ್ತ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.