ಎರಡೂವರೆ ಪಟ್ಟು ಅನುಭವ

ತೂಕ ಮುಗಿದ ಮೇಲೆ ತರಕಾರಿಯವಳು ಚೀಲಕ್ಕೆ ಹಾಕುವ ಒಂದು ಹೆಚ್ಚಿನ ಬದನೆಕಾಯಿಗೆ ನಮ್ಮಲ್ಲಿ ಕೊಸರು ಅನ್ನುತ್ತಾರೆ. ಮನೆಗೆ ಬಂದು ಚೀಲ ಸುರಿದಾಗ, ದುಡ್ಡು ಕೊಟ್ಟು ತಂದ ಒಂದು ಕಿಲೋ ಬದನೆಕಾಯಿಯ ಬಗ್ಗೆ ಮನಸ್ಸಿಗೆ ಏನೂ ಅನಿಸುವುದಿಲ್ಲ. ಆ ಒಂದು ಕಾಯಿ ಮಾತ್ರ ಗೆದ್ದು ತಂದದ್ದರ ಹಾಗೆ ಕಾಣುತ್ತದೆ. ಹುಳು ಇರುವುದು ಹೆಚ್ಚಾಗಿ ಅದರಲ್ಲೇ ಎಂಬುದು ಎಲ್ಲರಿಗೂ ಗೊತ್ತು. ಆದರೂ ಕೊಸರು ಹಾಕದವಳ ಬಳಿಗೆ ಎರಡನೇ ಸಲ ಯಾರೂ ಹೋಗುವುದಿಲ್ಲ. ನಾನು ಇಂಥ ಆಸೆಗಳಿಂದ ಹೊರಗಿದ್ದೇನೆ ಎಂದು ಬಹಳ ಕಾಲ ನಂಬಿದ್ದೆ. ಹಾಗಲ್ಲ ಎಂದು ತಿಳಿದದ್ದು ಮೀನು ಹಿಡಿಯುವಾಗ.

ಮೀನು ಎಂದರೆ ಕಂಪ್ಯೂಟರಿನೊಳಗಿನ ಮೀನು. ಆಗ ನಾನು ನಂಜನಗೂಡಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಟಿ. ನರಸೀಪುರದ ಒಂದು ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಭೌತಶಾಸ್ತ್ರ ಪಾಠ ಮಾಡಿ ಬರುತ್ತಿದ್ದೆ. ಊರಿಗೆ ಬ್ರಾಡ್‌ಬ್ಯಾಂಡ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ಪರೀಕ್ಷೆಯೊಂದಕ್ಕೆ ಓದುವ ನೆಪದಲ್ಲಿ ಕಂಪ್ಯೂಟರು ಕೊಂಡಿದ್ದೆ. ಸ್ವಲ್ಪ ಓದಿಯೂ ಇದ್ದೆ. ಉಳಿದ ಹೊತ್ತಿನಲ್ಲಿ, ಲೋಕದ ನಾನಾ ಮೂಲೆಯ ಜನ ಒಟ್ಟಿಗೆ ಸೇರಿ ಆಡುವ ಒಂದು ಆಟದಲ್ಲಿ, ಒಂದು ನದಿಯ ದಂಡೆಯಲ್ಲಿ ಗಾಳ ಹಿಡಿದು ನಿಂತಿರುತ್ತಿದ್ದೆ. ಅಲ್ಲಿ ನನ್ನ ಹೆಸರು ಕಪಿಲೆ. ನಮ್ಮ ಊರಿನ ಹೊಳೆಯ ಹೆಸರನ್ನೇ ಇಟ್ಟುಕೊಂಡಿದ್ದೆ, ಹೇಗೂ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಿಂದ.

ಆ ಆಟದ ನಿಯಮ ಸರಳ. ಪ್ರತಿ ಮೀನಿಗೂ ಇಷ್ಟಿಷ್ಟು ಅನುಭವ ಎಂದು ನಿಮ್ಮ ಹೆಸರಿಗೆ ಜಮೆಯಾಗುತ್ತದೆ. ಸಾಕಷ್ಟು ಕೂಡಿದಾಗ ಒಂದು ಹಂತ ಮೇಲೇರುತ್ತೀರಿ. ತಲೆಯ ಮೇಲೆ ಬಾಣಬಿರುಸು ಸಿಡಿಯುತ್ತದೆ. ಅಕ್ಕಪಕ್ಕದಲ್ಲಿರುವ ಅಪರಿಚಿತರು ಅಭಿನಂದನೆ ಹೇಳುತ್ತಾರೆ. ಬದುಕಿನಲ್ಲಿ ಅನುಭವ ಎಷ್ಟು ಕೂಡಿತು, ಇನ್ನೆಷ್ಟು ಬೇಕು ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ಒಂದು ನೀಲಿ ಪಟ್ಟಿ ಅದನ್ನು ಸದಾ ತೋರಿಸುತ್ತಿತ್ತು. ಪಾಠ ಮಾಡುವವಳಿಗೆ ಇದಕ್ಕಿಂತ ನೆಮ್ಮದಿಯ ವಿಷಯ ಇಲ್ಲ.

ಆದರೆ ನಾನು ಅಲ್ಲಿಗೆ ಹೋಗುತ್ತಿದ್ದದ್ದು ಬರೀ ಮೀನಿಗಾಗಿ ಅಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ಮನೆಯಲ್ಲಿ ಅತ್ತೆಯೇ ಇಬ್ಬರ ಪಾಲಿನದನ್ನೂ ಮಾತಾಡಿಬಿಡುತ್ತಿದ್ದರು. ನಾನಾಗಿ ಮಾತು ತೆಗೆಯುತ್ತಿದ್ದದ್ದು ಆ ನದಿಯ ದಂಡೆಯಲ್ಲಿ, ಮೂವರ ಜೊತೆ ಮಾತ್ರ. ಅವರಲ್ಲಿ ಹೆಚ್ಚು ಮಾತಾಡುವವಳು ತನ್ನನ್ನು ಬೂದುಬೆಕ್ಕು ಎಂದು ಕರೆದುಕೊಂಡಿದ್ದಳು. ಯಾವುದೋ ಚಳಿದೇಶದವಳು, ಬಾಗಿಲ ಮುಂದಿನ ಹಿಮ ಸರಿಸಿ ಬಂದೆ ಎಂದು ಬರೆಯುತ್ತಿದ್ದಳು. ನಾನು ಇಲ್ಲಿ ಸೆಕೆ ಎಂದು ಬರೆಯುತ್ತಿದ್ದೆ. ಇದು ದೊಡ್ಡ ಸಂಭಾಷಣೆ ಅಲ್ಲ ಎಂದು ಬಲ್ಲೆ. ಆದರೂ ಅಷ್ಟು ಮಾತು ನಾನು ಬೇರೆಲ್ಲೂ ಆಡುತ್ತಿರಲಿಲ್ಲ.

ಆ ಮೂವರೂ ಎಪ್ಪತ್ತನೇ ಹಂತ ದಾಟಿದ್ದರು. ಎಪ್ಪತ್ತಾದವರಿಗೆ ಮಾತ್ರ ಹಿಮಬೆಟ್ಟದ ಬಾಗಿಲು ತೆರೆಯುತ್ತದೆ. ಅದರಾಚೆ ಬೇರೊಂದು ನಾಡು. ನಾನು ಅರವತ್ತಾರರಲ್ಲಿದ್ದೆ. ನನಗಾಗಿ ಅವರು ತಿಂಗಳುಗಟ್ಟಲೆ ಕಾದಿದ್ದರು. ಕೊನೆಗೆ ಒಂದು ಭಾನುವಾರ ಹೊರಡುವುದೆಂದು ನಿಶ್ಚಯವಾಯಿತು. ಅಷ್ಟರೊಳಗೆ ನಾನು ಎಪ್ಪತ್ತು ಮುಟ್ಟಿದರೆ ಒಟ್ಟಿಗೆ ಹೋಗುವುದು. ಇಲ್ಲದಿದ್ದರೆ ಅವರು ಆಚೆ, ನಾನು ಈಚೆ ಒಬ್ಬಳೇ, ಮೀನುಗಳ ಜೊತೆ.

ಮಾಮೂಲು ಗತಿಯಲ್ಲಿ ಅದು ಆಗದ ಮಾತು. ಆಗ ಆಟದವರು ಕೊಸರು ಘೋಷಿಸಿದರು. ಆ ವಾರಾಂತ್ಯ ಪ್ರತಿ ಮೀನಿಗೂ ಎರಡೂವರೆ ಪಟ್ಟು ಅನುಭವ. ಶುರುವಿನಲ್ಲಿ ಎರಡೂವರೆ, ಗಂಟೆ ಕಳೆದಂತೆಲ್ಲ ಕಡಿಮೆ. ಹಾಗಾಗಿ ಮೊದಲ ಗಂಟೆಗಳೇ ಬಂಗಾರ. ಅವರ ದೇಶದ ಶುಕ್ರವಾರ ಮಧ್ಯಾಹ್ನವನ್ನು ನಮ್ಮ ಗಡಿಯಾರಕ್ಕೆ ಹೊಂದಿಸಿದೆ: ಶುಕ್ರವಾರ ಸಂಜೆ ಐದೂವರೆ. ವಿದ್ಯಾರ್ಥಿಗಳಿಗೆ ಸಹ ಅಷ್ಟು ಶ್ರದ್ಧೆಯಿಂದ ಲೆಕ್ಕ ಬಿಡಿಸಿಕೊಟ್ಟವಳಲ್ಲ. ಶನಿವಾರಕ್ಕೆ ರಜೆ ಬರೆದೆ. ಯುಪಿಎಸ್ ಪರೀಕ್ಷಿಸಿದೆ. ಕರೆಂಟು ಹೋಗುವ ಹೊತ್ತುಗಳನ್ನು ಲೈನ್‌ಮನ್ನನ ಹೆಂಡತಿಯಿಂದ ತಿಳಿದುಕೊಂಡೆ. ಎಲ್ಲವನ್ನೂ ಯೋಚಿಸಿದ್ದೆ, ಸೂರ್ಯನೊಬ್ಬನನ್ನು ಬಿಟ್ಟು.

ಗುರುವಾರ ಸಂಜೆ ಅತ್ತೆ ಅಡುಗೆಮನೆಯಿಂದ ಕೂಗಿ ಹೇಳಿದರು: “ನಾಳೆ ಕಾಲೇಜಿಂದ ಬೇಗ ಬಂದ್ಬುಡವ್ವ. ಸಾಯಂಕಾಲ ಗ್ರಹಣ ಇಡೀತದೆ. ನಾಕೂವರೆಯಿಂದ ಆರುಗಂಟೆ ಗಂಟ ಮನೇಲಿ ಏನೂ ಮುಟ್ಟಂಗಿಲ್ಲ.”

“ಕಂಪ್ಯೂಟರು?” ಎಂದೆ.

“ಅದೊಂದ ಬುಟ್ಬುಟ್ಟದಾ ಗ್ರಹಣ? ಕರೆಂಟ್ನಲ್ಲೂ ಬತ್ತದೆ ಅದು.”

ಭೌತಶಾಸ್ತ್ರದ ಉಪನ್ಯಾಸಕಿಗೆ ಗ್ರಹಣ ಇರುವುದೇ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ತರಗತಿಯಲ್ಲಿ ಚಿತ್ರ ಬರೆದು ವಿವರಿಸಿದ್ದೆ ಕೂಡ. ಆ ಸೂರ್ಯನೂ ನನ್ನ ಐದೂವರೆಯೂ ಒಂದೇ ಆಕಾಶದ ಕೆಳಗಿವೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಓದು ಇದೆ ಎಂದು ವಾದಿಸಿ ನೋಡಿದೆ. ಅತ್ತೆ ತಮ್ಮ ವಾದ ಮುಂದಿಟ್ಟರು. ಗ್ರಹಣಕಾಲದಲ್ಲಿ ಒಂದು ಸಲ ಶಿವನ ಹೆಸರು ಹೇಳಿದರೆ ಸಾವಿರ ಸಲ ಹೇಳಿದ ಹಾಗೆ. ವರ್ಷವಿಡೀ ಮಣಿ ಎಣಿಸಿದರೂ ಆಗದ್ದು ಆ ಒಂದೂವರೆ ಗಂಟೆಯಲ್ಲಿ ಆಗುತ್ತದೆ. “ಇಂತಾ ಒತ್ತು ಸಿಕ್ಕಿದ್ದಾಗ ಯಾರಾರ ಬುಡ್ತಾರಾ, ನೀನೇ ಏಳು ಮಗ?”

ಅಕ್ಷರಶಃ ಅದೇ ಕಾರಣಕ್ಕಾಗಿ ನಾನೂ ಅದೇ ಹೊತ್ತನ್ನು ಕಾಯುತ್ತಿದ್ದೆ. ಅವರದು ಸಾವಿರ ಪಟ್ಟು, ನನ್ನದು ಎರಡೂವರೆ. ಪಂಚಾಂಗದವರ ಮುಂದೆ ನಮ್ಮ ಆಟದವರು ಬಹಳ ಕೈಬಿಗಿಯವರು ಎನಿಸಿತು. ಚಿಕ್ಕವಳಿದ್ದಾಗ ಒಂದು ಪರ್ವಕಾಲದಲ್ಲಿ ಇದೇ ಅತ್ತೆ ನನ್ನನ್ನು ತಿರುಮಕೂಡಲಿನ ಸಂಗಮಕ್ಕೆ ಕರೆದೊಯ್ದಿದ್ದರು. ಹೆಚ್ಚಿನ ಪುಣ್ಯದ ಗಳಿಗೆ ಎಂದು ಎಲ್ಲರೂ ಬಂದಿದ್ದರಿಂದ ನೀರು ಕಾಣುತ್ತಿರಲಿಲ್ಲ, ಬೆನ್ನುಗಳು ಕಾಣುತ್ತಿದ್ದವು. ಮುಳುಗಲು ಜಾಗವಿಲ್ಲದೆ ಅತ್ತೆ ಯಾರದೋ ಬಿಂದಿಗೆಯಿಂದ ಚೆಲ್ಲಿದ ನೀರಿನಲ್ಲೇ ನನ್ನ ತಲೆ ಒದ್ದೆ ಮಾಡಿ ತೃಪ್ತಿಪಟ್ಟಿದ್ದರು.

ಶುಕ್ರವಾರ ನಾಲ್ಕು ಗಂಟೆಗೆ ಅತ್ತೆ ಸಿದ್ಧತೆಗೆ ಇಳಿದರು. ಹಾಲಿನ ಪಾತ್ರೆ, ಉಪ್ಪಿನಕಾಯಿ ಜಾಡಿ, ನೀರಿನ ಬಿಂದಿಗೆ ಎಲ್ಲದರ ಮೇಲೂ ಎರಡೆರಡು ಎಳೆ ದರ್ಭೆ ಇಟ್ಟರು. ನಡುಮನೆಯಲ್ಲಿ ಹಿತ್ತಾಳೆ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿದರು. ಗ್ರಹಣ ಇರುವ ತನಕ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬುದು ಪದ್ಧತಿ. ತಳ ಸಮವಾಗಿರುವ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಆಮೇಲೆ ನನ್ನ ಕೋಣೆಗೆ ಬಂದು ಪಡುವಣ ಕಿಟಕಿಯ ಮರದ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿದರು. ಮಾನಿಟರಿನ ಮೇಲೆ, ತೀರಿಹೋದ ಮಾವನ ಹಳೆಯ ಬಿಳಿ ಪಂಚೆಯ ತುಂಡೊಂದನ್ನು ಹೊದಿಸಿದರು. ಅದರ ನೆತ್ತಿಗೆ ದರ್ಭೆ. ಸಿಪಿಯುಗೆ ದರ್ಭೆ. ದೀಪ ಮಿಟುಕಿಸುತ್ತಿದ್ದ ಮೋಡೆಮ್ಮಿಗೆ ಅನುಮಾನದಿಂದ ಎರಡೆಳೆ ಹೆಚ್ಚಾಗಿಯೇ ಇಟ್ಟರು, ಅದು ಕೊಸರು. ಕೊನೆಗೆ ಮೇನ್ ಸ್ವಿಚ್ ಇಳಿಸಿದರು. ಮೋಡೆಮ್ಮಿನ ಕಣ್ಣೂ ಮುಚ್ಚಿತು. ನಾನು ಅಷ್ಟು ಜತನದಿಂದ ಹಾಕಿಸಿದ್ದ ಯುಪಿಎಸ್ಸು ಒಂದೇ ಸಮನೆ ಕೂಗಿಕೊಳ್ಳತೊಡಗಿದಾಗ ಅದರ ಕತ್ತನ್ನೂ ಒತ್ತಿದರು.

ಕೋಣೆಯ ಕತ್ತಲಲ್ಲಿ ನಾನು ಕುರ್ಚಿಯಲ್ಲಿ, ಅವರು ನೆಲದ ಮೇಲೆ ಚಾಪೆಯಲ್ಲಿ. ಅವರ ಕೈಯಲ್ಲಿ ರುದ್ರಾಕ್ಷಿ ಮಣಿ ಸರಿಯುತ್ತಿತ್ತು. ಪ್ರತಿ ಮಣಿಗೂ ಸಾವಿರ. ನನ್ನ ಖಾತೆಗೆ ಏನೂ ಇಲ್ಲ. ಬೂದುಬೆಕ್ಕು ಈಗ ಬಂದಿರುತ್ತಾಳೆ, ಕಪಿಲೆ ಎಲ್ಲಿ ಎಂದು ಕೇಳುತ್ತಿರುತ್ತಾಳೆ ಎಂದು ಯೋಚಿಸುತ್ತಿದ್ದೆ. ಮಳೆಗಾಲದ ಮೋಡ, ಹೊರಗೆ ಗ್ರಹಣ ಕಾಣುವುದೂ ಅನುಮಾನ. ಕಾಣದ ಗ್ರಹಣಕ್ಕಾಗಿ ಕಾಣುವ ಮೀನು ಬಿಟ್ಟೆನಲ್ಲ ಎಂದುಕೊಂಡೆ.

ಐದು ಗಂಟೆ ದಾಟಿದ ಮೇಲೆ ಮೋಡ ಸರಿದಿರಬೇಕು. ಕಿಟಕಿಯ ಬಾಗಿಲಿನಲ್ಲಿ ಎಂದೋ ಮೊಳೆ ಕಿತ್ತುಬಂದು ಉಳಿದಿದ್ದ ತೂತೊಂದರಿಂದ ಬೆಳಕಿನ ಒಂದು ಎಳೆ ಕೋಣೆಯನ್ನು ದಾಟಿ ಬಂತು. ಮಾನಿಟರಿನ ಬಿಳಿ ಬಟ್ಟೆಯ ಮೇಲೆ, ಹಳೆಯ ಎಂಟಾಣೆಯಷ್ಟು ಅಗಲದ ಬೆಳಕಿನ ಬೊಟ್ಟು ಬಿತ್ತು. ಅದು ದುಂಡಗಿರಲಿಲ್ಲ. ಯಾರೋ ಒಂದು ಕಡೆಯಿಂದ ಕಚ್ಚಿದ್ದರು.

ಸಣ್ಣ ರಂಧ್ರದ ಮೂಲಕ ಬೆಳಕು ಹಾದಾಗ ಹೊರಗಿನ ವಸ್ತುವಿನ ಬಿಂಬ ತಲೆಕೆಳಗಾಗಿ ಬೀಳುತ್ತದೆ. ಹಂಪಿಯ ಗುಡಿಯಲ್ಲಿ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಕಾಣುವುದೂ ಹೀಗೆಯೇ. ಇದನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಎಷ್ಟೋ ಸಲ ಪಾಠ ಮಾಡಿದ್ದೆ. ಆ ಗೆರೆಗಳು ನಿಜವಾಗಿ ಎಲ್ಲಿಂದಲೋ ಹೊರಟು ಎಲ್ಲಿಗೋ ಬಂದು ಮುಟ್ಟುತ್ತವೆ ಎಂದು ಆವರೆಗೆ ನನಗೆ ಅನಿಸಿರಲಿಲ್ಲ. ಅಷ್ಟು ದೂರದ ಸೂರ್ಯ ಒಂದು ಮೊಳೆಯ ತೂತು ಹುಡುಕಿಕೊಂಡು ಬಂದು, ಮಾವನ ಪಂಚೆಯ ಮೇಲೆ ತನ್ನ ಮುಖವನ್ನೇ ಇಟ್ಟಿದ್ದ. ಅವನ ಮುಖದ ಮೇಲೆ ಚಂದ್ರ ಹೋಗುತ್ತಿದ್ದ, ಸದ್ದಿಲ್ಲದೆ, ಯಾರಿಗೂ ಕಾಯದೆ.

“ಏನವ್ವ ಅದು, ಬಟ್ಟೆ ಮ್ಯಾಲೆ?” ಎಂದರು ಅತ್ತೆ.

“ಸೂರ್ಯ, ಅತ್ತೆ. ಅದೇ ಗ್ರಹಣ.”

ಅವರು ಥಟ್ಟನೆ ಮುಖ ತಿರುಗಿಸಿಕೊಂಡರು. ಗೋಡೆಯ ಕಡೆಗೇ ನೋಡುತ್ತಾ ಕೇಳಿದರು: “ಇದ ನೋಡುದ್ರೆ ದೋಸ್ವಾ?”

“ಇದು ನೆರಳಿನ ಹಾಗೆ ಅತ್ತೆ. ಅವನನ್ನೇ ನೋಡಿದ ಹಾಗಲ್ಲ.”

ಭೌತಶಾಸ್ತ್ರದ ಪ್ರಕಾರ ಅದು ನೆರಳಲ್ಲ, ಅವನದೇ ಬೆಳಕು. ಆದರೆ ಆ ಹೊತ್ತಿಗೆ ನನಗೆ ಜೊತೆ ಬೇಕಾಗಿತ್ತು.

“ಅಂಗಾದ್ರೆ ಸರಿ ಬುಡು,” ಎಂದು ಅತ್ತೆ ಚಾಪೆಯಿಂದ ಎದ್ದು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತರು. ಬೆಳಕಿನ ತುಂಡು ಬಟ್ಟೆಯ ಮೇಲೆ ಮೆಲ್ಲಗೆ ಮೇಲೇರುತ್ತಿತ್ತು, ಏರುತ್ತಲೇ ತೆಳ್ಳಗಾಗುತ್ತಿತ್ತು. ಮೋಡ ಬಂದಾಗ ಮಾಸುತ್ತಿತ್ತು, ಸರಿದಾಗ ಮತ್ತೆ ಮೂಡುತ್ತಿತ್ತು. ಒಮ್ಮೆ ಅದರ ಮೇಲೆ ಹಕ್ಕಿಯೊಂದು ಹಾದುಹೋದಂತೆ ಕಂಡಿತು.

“ನಾನು ಇದ ಒಂದ್ಸಲಾನೂ ನೋಡ್ನಿಲ್ಲ ಕಣವ್ವ,” ಎಂದರು ಅತ್ತೆ. “ತೌರೂರು ಸೋಸ್ಲೇಲಿ ಚಿಕ್ಕೋಳಾಗಿದ್ದಾಗ ಕ್ವಾಣೆಗೆ ಕೂಡಾಕರು. ಮದ್ವೆ ಆದ್ಮೇಲೆ ಬಸ್ರಿ ಅಂತ ಕೂಡಾಕುದ್ರು. ಆಮೇಲೆ ನಾನೇ ಒಳಿಕ್ಕೋಗಿ ಕುಂತ್ಕೊತಿದ್ದೆ. ಇಷ್ಟು ಚೆಂದಾಗಿದ್ದದು ಅಂತ ಯಾರೂ ಏಳ್ನಿಲ್ವಲ್ಲ.”

ನನಗೂ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ. ಪಾಠದಲ್ಲಿ ಚೆಂದ ಎಂಬ ಮಾತು ಬರುವುದಿಲ್ಲ.

ಸೂರ್ಯ ಮತ್ತೆ ದುಂಡಗಾಗುತ್ತಾ ಬಂದಾಗ ಅತ್ತೆ ಬೆಚ್ಚಿದವರಂತೆ ತಮ್ಮ ಕೈ ನೋಡಿಕೊಂಡರು. ಮಣಿ ಚಾಪೆಯ ಮೇಲೇ ಬಿದ್ದಿತ್ತು. “ಅಯ್ಯೋ, ಜಪಾನೇ ಮರ್ತೋಯ್ತಲ್ಲವ್ವ,” ಎಂದರು. ಗಡಿಯಾರ ನೋಡಿದೆ. ಐದೂವರೆ ಯಾವಾಗಲೋ ಕಳೆದಿತ್ತು. ಅದು ನನಗೂ ಮರೆತುಹೋಗಿತ್ತು.

ಗ್ರಹಣ ಬಿಟ್ಟರೂ ನಾನು ಬಿಡುಗಡೆಯಾಗಲಿಲ್ಲ. ತಲೆಗೆ ಸ್ನಾನ, ಮನೆ ಒರೆಸುವುದು, ಹೊಸ ನೀರು, ಹೊಸ ಅಡುಗೆ. ಒನಕೆ ಮಾತ್ರ ನಿಂತೇ ಇತ್ತು. ಅತ್ತೆ ಅದನ್ನು ಒಂದೆರಡು ಸಲ ಅಸಮಾಧಾನದಿಂದ ನೋಡಿದರು. ಕೊನೆಗೆ ಪಕ್ಕದ ಮನೆಯ ಬೆಕ್ಕು ಬಂದು ಅದಕ್ಕೆ ಬೆನ್ನು ಉಜ್ಜಿ ಬೀಳಿಸಿದಾಗ “ಈಗ ಪೂರ್ತಿ ಬುಡ್ತು” ಎಂದು ನಿಟ್ಟುಸಿರುಬಿಟ್ಟರು. ಒದ್ದೆ ತಲೆಯಲ್ಲಿ ನಾನು ಆಟದೊಳಗೆ ಹೋಗುವ ಹೊತ್ತಿಗೆ ಎರಡೂವರೆ ಕರಗತೊಡಗಿತ್ತು. ನದಿಯ ದಂಡೆ ಥೇಟು ಸಂಗಮದ ಹಾಗಿತ್ತು: ಒಬ್ಬರ ಮೇಲೊಬ್ಬರು, ಬೆನ್ನುಗಳೇ ಬೆನ್ನುಗಳು. ಅಷ್ಟು ಜನಕ್ಕೆ ಮೀನು ಎಲ್ಲಿಂದ ಬರಬೇಕು? ಎಲ್ಲರಿಗೂ ಸಿಕ್ಕ ಕೊಸರು ಯಾರ ಚೀಲಕ್ಕೂ ಬೀಳುವುದಿಲ್ಲ ಎಂದು ಆಗ ತಿಳಿಯಿತು.

ಎಲ್ಲಿದ್ದೆ ಎಂದು ಮೂವರೂ ಕೇಳಿದರು. ಕರೆಂಟು ಹೋಗಿತ್ತು ಎಂದು ಬರೆದು ಮುಗಿಸಬಹುದಿತ್ತು. ನನ್ನ ಕಂಪ್ಯೂಟರಿನ ಮೇಲೆ ಸೂರ್ಯ ಬಂದಿದ್ದ ಎಂದು ಬರೆದೆ. ಆಮೇಲೆ ದರ್ಭೆ, ಪಂಚೆ, ಮೊಳೆಯ ತೂತು, ಅತ್ತೆ, ಸೋಸಲೆಯ ಕತ್ತಲೆ ಕೋಣೆ ಎಲ್ಲವನ್ನೂ ಬರೆದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮೂವರೂ ಗಾಳ ಎತ್ತಿಟ್ಟು ನನ್ನ ಸುತ್ತ ನಿಂತಿದ್ದರು. ಅಷ್ಟು ಬೆಲೆಬಾಳುವ ಹೊತ್ತಿನಲ್ಲಿ ಯಾರೂ ಮೀನು ಹಿಡಿಯುತ್ತಿರಲಿಲ್ಲ. “ನೀನು ಇಷ್ಟು ಮಾತಾಡುತ್ತೀಯ ಎಂದು ಗೊತ್ತಿರಲಿಲ್ಲ,” ಎಂದು ಬೂದುಬೆಕ್ಕು ಬರೆದಳು. ನನಗೂ ಗೊತ್ತಿರಲಿಲ್ಲ.

ಭಾನುವಾರ ನಾನು ಅರವತ್ತೊಂಬತ್ತರಲ್ಲಿ ನಿಂತೆ. ಹಿಮಬೆಟ್ಟದ ಬಾಗಿಲ ತನಕ ಅವರನ್ನು ಕಳಿಸಿಕೊಟ್ಟು ಬಂದೆ. ಹೋದವರು ಮಾರನೆಯ ದಿನವೇ ನದಿಯ ದಂಡೆಗೆ ಇಳಿದು ಬಂದರು. “ಅಲ್ಲಿ ಬರೀ ಹಿಮ. ಅದು ನಮ್ಮ ಮನೆಯ ಮುಂದೆಯೇ ಇದೆ,” ಎಂದಳು ಬೂದುಬೆಕ್ಕು. “ನಿಮ್ಮಲ್ಲಿ ಮುಂದಿನ ಗ್ರಹಣ ಯಾವಾಗ?” ಎಪ್ಪತ್ತನೇ ಹಂತ ನನಗೆ ಬಂದದ್ದು ಕೆಲವು ವಾರಗಳಾದ ಮೇಲೆ, ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ, ಒಂದಕ್ಕೆ ಒಂದರ ದರದಲ್ಲಿ. ಬಾಣಬಿರುಸು ಅಷ್ಟೇ ಎತ್ತರಕ್ಕೆ ಸಿಡಿಯಿತು.

ಮಳೆಗಾಲ ಮುಗಿದ ಮೇಲೆ ಕಿಟಕಿಗಳನ್ನು ಸರಿಮಾಡಲು ಬಡಗಿ ಬಂದ. ಕಿತ್ತುಹೋದ ಕಡೆಯೆಲ್ಲ ಮೇಣ ತುಂಬುತ್ತಾ ನನ್ನ ಕೋಣೆಯ ಪಡುವಣ ಕಿಟಕಿಗೆ ಬಂದಾಗ, ಅಡುಗೆಮನೆಯಲ್ಲಿದ್ದ ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು.

“ಆ ತೂತ ಮುಚ್ಬ್ಯಾಡ ಕಣಪ್ಪ,” ಎಂದರು. “ಅದು ಬೇಕು ನಮ್ಗೆ.”