ದೀಪದ ಗೂಡಿನ ಎದುರು ಗಾಲ್ಫ್

"ಸಾಮಿ ಕಡೆ ಚೆಂಡು ಹೊಡೀಬಾರ್ದಪ್ಪಾ. ಸಾಮಿಗೆ ಬೆನ್ನು ಕೊಟ್ಟೂ ನಿಲ್ಬಾರ್ದು," ಎಂದು ಅತ್ತೆ ಹೇಳಿದಾಗ ನನ್ನವರ ಕೈಯಲ್ಲಿದ್ದ ಅಳತೆ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು. ಪರದೆಗೆ ಚೆಂಡು ಹೊಡೆದು ಮನೆಯಲ್ಲೇ ಗಾಲ್ಫ್ ಆಡುವ ಸಿಮ್ಯುಲೇಟರ್ ಕೊಳ್ಳಲು ಅವರು ಹನುಮಂತನಪಟ್ಟಿಯ ನಮ್ಮ ಮನೆಯ ಹಜಾರ ಅಳೆಯುತ್ತಿದ್ದರು. ಹಜಾರದ ಒಂದು ತುದಿಯ ಗೋಡೆಯಲ್ಲಿ ದೇವರ ದೀಪದ ಗೂಡಿದೆ. ಪರದೆ ಕಟ್ಟಲು ಉಳಿದದ್ದು ಅದರ ಎದುರು ಗೋಡೆ ಮಾತ್ರ.

ಅವರು ಗಾಲ್ಫ್ ಕೋಲು ಹಿಡಿದು ಆ ಗೋಡೆಯತ್ತ ಹೊಡೆಯುವವರಂತೆ ನಿಂತು ತೋರಿಸಿದರು. ಗಾಲ್ಫಿನಲ್ಲಿ ನಿಲ್ಲುವುದೇ ಪಕ್ಕಕ್ಕೆ ತಿರುಗಿ. ಅತ್ತೆ ಅವರನ್ನು ಒಂದು ಸುತ್ತು ಬಂದು ನೋಡಿದರು.

"ಸಾಮಿಗೆ ತೋಳು ತಾನೆ ಕಾಣ್ತದೆ. ಸರಿ, ಆ ಕೋಲು ಇಲ್ಲಿ ಕೊಡು," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೂ ಬೀಸಿದರು.

ಈಗ ಸಂಜೆ ದೀಪ ಹಚ್ಚಿದ ಮೇಲೆ ಮೊದಲ ಚೆಂಡು ಅತ್ತೆಯದು. ಯಂತ್ರ ತಂದ ನನ್ನವರು ಸರದಿಗೆ ಕಾಯುತ್ತಾರೆ.